ಮೈಕ್ರೋ ಇನ್ವರ್ಟರ್ ಲಾಸ್ ಲೆಕ್ಕ: ಶೀಟಿನಲ್ಲಿ 7.4 ವ್ಯಾಟ್, ಬೆಂಚಿನಲ್ಲಿ 12.2. ಉಳಿದದ್ದು ಎಲ್ಲಿ?

ಬೆಸುಗೆ_ಕಡ್ಡಿ
ಎಲ್ಲರಿಗೂ ನಮಸ್ಕಾರ. ಒಂದು ಸೋಲಾರ್ ಪ್ಯಾನೆಲ್‌ಗೆ ಒಂದು ಅನ್ನೋ ತರಹದ ಮೈಕ್ರೋ ಇನ್ವರ್ಟರ್ (ಪ್ಯಾನೆಲ್‌ನ ಡಿಸಿಯನ್ನು ಗ್ರಿಡ್‌ನ ಎಸಿ ಮಾಡುವ ಡಬ್ಬಿ) ಕಟ್ಟಿದ್ದೇನೆ. 250 ವ್ಯಾಟ್, ಒಂದೇ ಹಂತದ ಫ್ಲೈಬ್ಯಾಕ್ (ಎನರ್ಜಿಯನ್ನು ಮೊದಲು ಟ್ರಾನ್ಸ್‌ಫಾರ್ಮರ್‌ನಲ್ಲಿ ತುಂಬಿ, ಆಮೇಲೆ ಹೊರಗೆ ಬಿಡುವ ಸರ್ಕ್ಯೂಟ್). ಎರಡು ಫೇಸ್ ಇಂಟರ್‌ಲೀವ್ ಆಗಿವೆ (ಸರದಿಯಂತೆ ಓಡುತ್ತವೆ), 100 ಕಿಲೋಹರ್ಟ್ಜ್, ಪೂರ್ತಿ ಡಿಸಿಎಂ (ಪ್ರತಿ ಸ್ವಿಚಿಂಗ್ ಸೈಕಲ್‌ನಲ್ಲೂ ಟ್ರಾನ್ಸ್‌ಫಾರ್ಮರ್ ಕರೆಂಟ್ ಸೊನ್ನೆಗೆ ಇಳಿಯುತ್ತೆ). ಒಳಗೆ 36 ವೋಲ್ಟ್, ಹೊರಗೆ 230 ವೋಲ್ಟ್, 50 ಹರ್ಟ್ಜ್ ಗ್ರಿಡ್. ಟ್ರಾನ್ಸ್‌ಫಾರ್ಮರ್ 1ಕ್ಕೆ 6. ಲೀಕೇಜ್‌ಗೆ (ಸೆಕೆಂಡರಿಗೆ ದಾಟದೆ ಪ್ರೈಮರಿಯಲ್ಲೇ ಉಳಿಯುವ ಇಂಡಕ್ಟನ್ಸ್) ಮಾಮೂಲಿ ಆರ್‌ಸಿಡಿ ಕ್ಲ್ಯಾಂಪ್ (ರೆಸಿಸ್ಟರ್, ಕೆಪಾಸಿಟರ್, ಡಯೋಡ್ ಸೇರಿ ವೋಲ್ಟೇಜ್ ತಡೆಯುವ ಸರ್ಕ್ಯೂಟ್), 100 ವೋಲ್ಟ್‌ನಲ್ಲಿ ನಿಲ್ಲುತ್ತೆ. ಕೊನೆಗೆ ಗ್ರಿಡ್ ಫ್ರೀಕ್ವೆನ್ಸಿಯಲ್ಲಿ ತಿರುಗುವ ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಬ್ರಿಡ್ಜ್.

ಲಾಸ್ ಲೆಕ್ಕ ಹಾಕಿದ್ದು ಹೀಗೆ: ಪ್ರೈಮರಿ ಸ್ವಿಚ್ ಮತ್ತು ವೈಂಡಿಂಗ್ ಸೇರಿ 1.2 ವ್ಯಾಟ್. ಲೀಕೇಜ್ ಇಂಡಕ್ಟನ್ಸ್ 0.5% ಇದೆ, ಅದಕ್ಕೆ 1.2. ಟರ್ನ್ ಆಫ್ (ಸ್ವಿಚ್ ಆರುವಾಗ ಹೋಗೋದು) 1.0. ಕೋರ್ 0.9. ಸೆಕೆಂಡರಿ ಸಿಲಿಕಾನ್ ಕಾರ್ಬೈಡ್ ಡಯೋಡ್ 1.5. ಬ್ರಿಡ್ಜ್ 0.5. ಕಂಟ್ರೋಲರ್, ಗೇಟ್ ಡ್ರೈವ್ ಇತ್ಯಾದಿ 0.8. ಕೆಪಾಸಿಟರ್ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್) 0.3. ಒಟ್ಟು 7.4.

ಬೆಂಚಿನಲ್ಲಿ ಪೂರ್ತಿ ಲೋಡ್‌ನಲ್ಲಿ ಒಳಗೆ ಹೋದದ್ದು ಕಳೆ ಹೊರಗೆ ಬಂದದ್ದು: 12.2 ವ್ಯಾಟ್. ಹತ್ತಿರ ಹತ್ತಿರ 5 ವ್ಯಾಟ್ ಎಲ್ಲಿ ಹೋಗ್ತಿದೆ? ಮಾಡೆಲ್‌ನಲ್ಲಿ ಯಾವ ಸಾಲು ಬಿಟ್ಟುಹೋಗಿದೆ ಅಂತ ಹೇಳಿ.

ಗೇಟ್_ಚಾರ್ಜ್
ಟರ್ನ್ ಆಫ್. ಯಾವಾಗಲೂ ಟರ್ನ್ ಆಫ್. 😀

ಹಳೇಮೀಟರ್
ಮಾಡೆಲ್ ಆಮೇಲೆ. ಮೊದಲು ಅಳತೆಯ ಬಗ್ಗೆ ಹೇಳಿ. ಯಾವ ಮೀಟರ್, ಎಷ್ಟು ನಿಖರ, ವೋಲ್ಟೇಜ್ ಎಲ್ಲಿಂದ ತಗೊಂಡಿರಿ?

260 ವ್ಯಾಟ್‌ನಿಂದ 250 ಕಳೆದು 10 ಹುಡುಕ್ತಾ ಇದ್ದೀರಿ. ಎರಡೂ ಕಡೆ 0.5% ತಪ್ಪು ಇದ್ದರೆ ಅಲ್ಲಿ 1.3, ಇಲ್ಲಿ 1.25. ಕೆಟ್ಟ ಕಾಲಕ್ಕೆ ಎರಡೂ ಸೇರಿದರೆ 2.5 ವ್ಯಾಟ್. ನಿಮ್ಮ ಲಾಸ್‌ನ ಕಾಲು ಭಾಗ ಬರೀ ಮೀಟರ್‌ನ ಅನುಮಾನ. ಇದನ್ನು ಬಗೆಹರಿಸದೆ ಕೋರ್ ಲಾಸ್‌ನಲ್ಲಿ 0.1 ವ್ಯಾಟ್ ಹುಡುಕೋದು ದಂಡ.

ಬೆಸುಗೆ_ಕಡ್ಡಿ
ಹೊರಗಡೆ ಪವರ್ ಅನಲೈಸರ್ ಇದೆ, ಅದು ಚೆನ್ನಾಗಿದೆ. ಒಳಗಡೆ ಬೆಂಚ್ ಸಪ್ಲೈ. ವೋಲ್ಟೇಜ್, ಕರೆಂಟ್ ಎರಡೂ ಸಪ್ಲೈಯ ಡಿಸ್‌ಪ್ಲೇಯಿಂದ ಓದಿದ್ದು. ಕೇಬಲ್ ದಪ್ಪಗಿದೆ, ಹೋಗಿ ಬರುವ ದಾರಿ ಸೇರಿ 20 ಮಿಲಿಓಮ್.

ಹಳೇಮೀಟರ್
ಅಲ್ಲೇ ಸಿಕ್ಕಿತು ನೋಡಿ ಒಂದಿಷ್ಟು.

36 ವೋಲ್ಟ್‌ಗೆ ಸರಾಸರಿ ಕರೆಂಟ್ 6.94 ಆಂಪಿಯರ್. 20 ಮಿಲಿಓಮ್‌ಗೆ 1 ವ್ಯಾಟ್ ಅಂದುಕೊಳ್ತೀರಿ. ಆದರೆ ನಿಮ್ಮ ಸಪ್ಲೈ ಗಟ್ಟಿ ವೋಲ್ಟೇಜ್ ಸೋರ್ಸ್. 100 ಹರ್ಟ್ಜ್ ಏರಿಳಿತವನ್ನು ಒಳಗಿನ ಕೆಪಾಸಿಟರ್ ಕೊಡಬೇಕಾದ ಜಾಗದಲ್ಲಿ ಸಪ್ಲೈಯೇ ಕೊಡ್ತಾ ಇದೆ. ಆಗ ಕೇಬಲ್‌ನಲ್ಲಿ ಡಿಸಿ ಜೊತೆಗೆ 4.9 ಆಂಪಿಯರ್ ಆರ್‌ಎಂಎಸ್ ರಿಪ್ಪಲ್. ಒಟ್ಟು 8.5. ಅದರ ವರ್ಗ 72, ಗುಣಿಸು 0.02, ಅಂದರೆ 1.45 ವ್ಯಾಟ್ ಕೇಬಲ್‌ಗೇ ಹೋಯಿತು. ಅದು ಇನ್ವರ್ಟರ್ ಲಾಸ್ ಅಲ್ಲವೇ ಅಲ್ಲ.

ಸಪ್ಲೈಯ ಸೆನ್ಸ್ ವೈರ್ (ವೋಲ್ಟೇಜ್ ಅಳೆಯುವ ತಂತಿ) ಎರಡನ್ನೂ ಇನ್ವರ್ಟರ್‌ನ ಟರ್ಮಿನಲ್‌ಗೆ ಕಟ್ಟಿ. ಒಳಗಡೆಗೂ ಅನಲೈಸರ್ ಹಾಕಿ. ಸರಾಸರಿ ವೋಲ್ಟ್ ಗುಣಿಸು ಸರಾಸರಿ ಆಂಪಿಯರ್ ಅಂದರೆ ಸರಾಸರಿ ಪವರ್ ಅಲ್ಲ. ಕರೆಂಟ್ ಏರಿದಾಗ ಟರ್ಮಿನಲ್ ವೋಲ್ಟೇಜ್ ಇಳಿಯುತ್ತೆ, ಹಾಗಾಗಿ ಎರಡು ಮಲ್ಟಿಮೀಟರ್ ಇಟ್ಟು ಗುಣಿಸಿದರೂ ನಿಜಕ್ಕಿಂತ ಜಾಸ್ತಿ ತೋರಿಸುತ್ತೆ.

ಛಾವಣಿ_ರಾಜ
ಅಯ್ಯೋ 5 ವ್ಯಾಟ್‌ಗೆ ಇಷ್ಟು ಗಲಾಟೆನಾ? ಪ್ಯಾನೆಲ್ ಮೇಲೆ ಧೂಳು ಕೂತರೆ ಅದಕ್ಕಿಂತ ಜಾಸ್ತಿ ಹೋಗುತ್ತೆ. ಸುಮ್ನೆ ಒರೆಸಿ.

ಗೇಟ್_ಚಾರ್ಜ್
ಧೂಳಿನಿಂದ ಹೋದ ಪವರ್ ಡಬ್ಬಿಯೊಳಗೆ ಬಿಸಿ ಆಗಲ್ಲ. ಈ 5 ವ್ಯಾಟ್ ಆಗುತ್ತೆ. ಮೈಕ್ರೋ ಇನ್ವರ್ಟರ್ ಇರೋದು ಎಲ್ಲಿ? ಬಿಸಿಲಿಗೆ ಕಾದ ಪ್ಯಾನೆಲ್‌ನ ಹಿಂದೆ, ಮುಚ್ಚಿದ ಡಬ್ಬಿಯಲ್ಲಿ, ಫ್ಯಾನ್ ಇಲ್ಲದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ 10 ಡಿಗ್ರಿ ಬಿಸಿ ಏರಿದರೆ ಆಯಸ್ಸು ಅರ್ಧ ಆಗುತ್ತೆ ಅನ್ನೋ ಲೆಕ್ಕ ಗೊತ್ತಲ್ವಾ?

ಅರ್ಧಸೈಕಲ್
ಅಳತೆಯ ವಿಷಯ ಸರಿ, ಆದರೆ ಮಾಡೆಲ್‌ನಲ್ಲೂ ತೊಂದರೆ ಇದೆ. ನೀವು ಪ್ರೈಮರಿ ಕರೆಂಟ್ ಹೇಗೆ ಹಾಕಿದಿರಿ? ಒಂದು ಫೇಸ್‌ಗೆ 125 ವ್ಯಾಟ್ ಅಂತ ಒಂದೇ ಆಪರೇಟಿಂಗ್ ಪಾಯಿಂಟ್ ಹಿಡಿದು ಹಾಕಿರಬೇಕು.

ಮೈಕ್ರೋ ಇನ್ವರ್ಟರ್ ಅಂದರೆ ಡಿಸಿ ಡಿಸಿ ಕನ್ವರ್ಟರ್ ಅಲ್ಲ. ಗ್ರಿಡ್‌ಗೆ ಹೋಗುವ ಪವರ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿದು ಸರಾಸರಿಯ ಎರಡು ಪಟ್ಟಿಗೆ ಏರುತ್ತೆ. ಒಂದೇ ಹಂತದ ಫ್ಲೈಬ್ಯಾಕ್‌ನಲ್ಲಿ ಪ್ರೈಮರಿ ಸ್ವಿಚ್ ಈ ಏರಿಳಿತವನ್ನು ನೇರವಾಗಿ ಹೊರುತ್ತೆ. 125 ವ್ಯಾಟ್ ಫೇಸ್ ಅನ್ನೋದು ಪ್ರತಿ ಅರ್ಧ ಸೈಕಲ್‌ನಲ್ಲಿ ಒಂದು ಸಲ 250 ವ್ಯಾಟ್ ಫೇಸ್ ಆಗಿರುತ್ತೆ. ಪವರ್‌ನ ವರ್ಗಕ್ಕೆ ತಕ್ಕಂತೆ ಏರುವ ಯಾವುದೇ ಲಾಸ್ ಆದರೂ ಸರಾಸರಿ ಪಾಯಿಂಟ್‌ನ ಲೆಕ್ಕಕ್ಕಿಂತ 1.5 ಪಟ್ಟು ಬರಬೇಕು.

ಸ್ಪೈಸ್‌ಪ್ರಿಯೆ
1.5 ಇವರಿಗೆ ಅನ್ವಯ ಆಗಲ್ಲ. ಇವರದ್ದು ಡಿಸಿಎಂ.

ಫಿಕ್ಸೆಡ್ ಫ್ರೀಕ್ವೆನ್ಸಿ ಡಿಸಿಎಂನಲ್ಲಿ ಪೀಕ್ ಕರೆಂಟ್ ಸೈನ್ ತರಹ ಏರುತ್ತೆ, ಡ್ಯೂಟಿಯೂ (ಸ್ವಿಚ್ ಆನ್ ಇರುವ ಪಾಲು) ಸೈನ್ ತರಹ ಏರುತ್ತೆ. ಆರ್‌ಎಂಎಸ್ ವರ್ಗ ಅಂದರೆ ಪೀಕ್ ವರ್ಗ ಗುಣಿಸು ಡ್ಯೂಟಿ ಭಾಗಿಸು 3. ಅಂದರೆ ಸೈನ್ ಘನ. ಅದರ ಸರಾಸರಿ 4 ಭಾಗಿಸು 3 ಪೈ, ಅಂದರೆ 0.424. ಸರಾಸರಿ ಪವರ್ ಪಾಯಿಂಟ್‌ನಲ್ಲಿ ಹಾಕಿದರೆ 0.354 ಬರುತ್ತೆ. ಅನುಪಾತ 1.2. ಹಾಗಾಗಿ ಅವರ ಪ್ರೈಮರಿ ಕಂಡಕ್ಷನ್ 20% ಜಾಸ್ತಿ ಆಗಬೇಕು. 50% ಅಲ್ಲ.

ಅರ್ಧಸೈಕಲ್
ಒಪ್ಪಿದೆ, ಸಿಸಿಎಂಗೆ (ಕರೆಂಟ್ ಸೊನ್ನೆಗೆ ಇಳಿಯದೆ ಓಡುವ ರೀತಿ) 1.5, ಡಿಸಿಎಂಗೆ 1.2. ಆದರೂ ಮುಖ್ಯ ವಿಷಯ ಅದೇ ತಾನೇ? ಅರ್ಧ ಸೈಕಲ್ ಪೂರ್ತಿ ಕೂಡಿಸದೆ ಮೈಕ್ರೋ ಇನ್ವರ್ಟರ್ ಲಾಸ್ ಲೆಕ್ಕ ಹಾಕೋಕೆ ಆಗಲ್ಲ.

ಸ್ಪೈಸ್‌ಪ್ರಿಯೆ
ಮುಖ್ಯ ವಿಷಯದಲ್ಲಿ ಜಗಳ ಇಲ್ಲ. ಆದರೆ ಎರಡು ಹಂತದ ಇನ್ವರ್ಟರ್‌ನಲ್ಲಿ, ನಡುವೆ ಡಿಸಿ ಲಿಂಕ್ ಕೆಪಾಸಿಟರ್ ಇದ್ದರೆ, ಮೊದಲ ಹಂತ ಸಮನಾದ ಪವರ್‌ನಲ್ಲೇ ಓಡುತ್ತೆ. ಅಲ್ಲಿ ಒಂದೇ ಪಾಯಿಂಟ್ ಸಾಕು. ಎಲ್ಲರಿಗೂ ಒಂದೇ ಔಷಧಿ ಬರೆಯಬೇಡಿ.

ಸುರುಳಿಗಾರ
ಎಲ್ಲರೂ 0.2 ವ್ಯಾಟ್‌ಗೆ ಕಿತ್ತಾಡ್ತಾ ಇದ್ದೀರಿ. ದೊಡ್ಡ ತಪ್ಪು ಕ್ಲ್ಯಾಂಪ್ ಸಾಲಿನಲ್ಲಿದೆ.

ಲೀಕೇಜ್ 0.5%, ಹಾಗಾಗಿ 250ರ 0.5% ಅಂತ 1.25 ವ್ಯಾಟ್ ಹಾಕಿದ್ದಾರೆ. ಅದು ಲೀಕೇಜ್‌ನಲ್ಲಿ ಕೂತ ಎನರ್ಜಿ ಮಾತ್ರ. ಆರ್‌ಸಿಡಿ ಕ್ಲ್ಯಾಂಪ್ ಅಷ್ಟಕ್ಕೇ ಸುಮ್ಮನಿರಲ್ಲ. ಲೀಕೇಜ್ ಕರೆಂಟ್ ಸೊನ್ನೆಗೆ ಇಳಿಯೋವರೆಗೂ ಮ್ಯಾಗ್ನೆಟೈಸಿಂಗ್ ಕರೆಂಟ್‌ನ ಒಂದು ಪಾಲು ಕೂಡ ಕ್ಲ್ಯಾಂಪ್‌ಗೇ ಹೋಗುತ್ತೆ. ಗುಣಕ: ಕ್ಲ್ಯಾಂಪ್ ವೋಲ್ಟೇಜ್ ಭಾಗಿಸು (ಕ್ಲ್ಯಾಂಪ್ ಕಳೆ ರಿಫ್ಲೆಕ್ಟೆಡ್ ವೋಲ್ಟೇಜ್). ರಿಫ್ಲೆಕ್ಟೆಡ್ ಅಂದರೆ ಪ್ರೈಮರಿ ಕಡೆಗೆ ಕಾಣುವ ಔಟ್‌ಪುಟ್ ವೋಲ್ಟೇಜ್. ಗ್ರಿಡ್ ಪೀಕ್ 325 ವೋಲ್ಟ್, ಭಾಗಿಸು 6 ಅಂದರೆ 54. ಆಗ 100 ಭಾಗಿಸು 46. ಪೀಕ್‌ನಲ್ಲಿ 2.17 ಪಟ್ಟು! ಗ್ರಿಡ್ ಸೊನ್ನೆ ದಾಟುವಾಗ ಇದು 1ಕ್ಕೆ ಇಳಿಯುತ್ತೆ, ಆದರೆ ಅಲ್ಲಿ ಎನರ್ಜಿಯೇ ಇಲ್ಲ. ಅರ್ಧ ಸೈಕಲ್ ಪೂರ್ತಿ ಕೂಡಿಸಿದರೆ ಸುಮಾರು 1.9. ಅಂದರೆ ಆ ಸಾಲು 2.35 ವ್ಯಾಟ್.

ಕ್ಲ್ಯಾಂಪ್ ವೋಲ್ಟೇಜ್ ಏರಿಸಿದರೆ ಈ ಗುಣಕ ಇಳಿಯುತ್ತೆ, ಆದರೆ ಇನ್ನೂ ಹೆಚ್ಚು ವೋಲ್ಟೇಜ್‌ನ ಮಾಸ್‌ಫೆಟ್ ಬೇಕು, ಅದರ ಆನ್ ರೆಸಿಸ್ಟೆನ್ಸ್ ಜಾಸ್ತಿ. ಈ ಎಳೆದಾಟ ಸಾಕಾದವರೇ ಆಕ್ಟಿವ್ ಕ್ಲ್ಯಾಂಪ್‌ಗೆ ಹೋಗೋದು.

ಗೇಟ್_ಚಾರ್ಜ್
ಚೆನ್ನಾಗಿ ಹಿಡಿದಿರಿ. ಆಕ್ಟಿವ್ ಕ್ಲ್ಯಾಂಪ್ ಹಾಕಿದರೆ ಆ ಎನರ್ಜಿ ವಾಪಸ್ ಬರುತ್ತೆ, ಆದರೆ ಕ್ಲ್ಯಾಂಪ್‌ನಲ್ಲಿ ಸುತ್ತುವ ಕರೆಂಟ್ ಲೈಟ್ ಲೋಡ್‌ನಲ್ಲಿ ಕಾಟ ಕೊಡುತ್ತೆ. ಯಾವುದೂ ಪುಕ್ಕಟೆ ಅಲ್ಲ.

ಸುರುಳಿಗಾರ
ಇನ್ನೊಂದು. ಕೋರ್ 0.9 ಹೇಗೆ ಬಂತು? ಪೀಕ್ ಫ್ಲಕ್ಸ್ ತಗೊಂಡು ಸ್ಟೈನ್‌ಮೆಟ್ಜ್ ಸೂತ್ರಕ್ಕೆ ಹಾಕಿದಿರಾ? ಹಾಗಿದ್ದರೆ ಅದು ಜಾಸ್ತಿ. ಫ್ಲಕ್ಸ್ ಏರಿಳಿತ ಕೂಡ ಗ್ರಿಡ್ ಜೊತೆ ಸೈನ್ ತರಹ ಬದಲಾಗುತ್ತೆ. ಘಾತ 2.5 ಅಂತ ಹಿಡಿದರೆ ಸರಾಸರಿ 0.46 ಪಟ್ಟು. ಸುಮಾರು 0.4 ವ್ಯಾಟ್.

ಸ್ಟೈನ್‌ಮೆಟ್ಜ್ 1892ರಲ್ಲಿ ಬರೆದದ್ದು ಕಬ್ಬಿಣದ ಹಿಸ್ಟರಿಸಿಸ್ ಬಗ್ಗೆ. ನಾವು ಈಗ ಫೆರೈಟ್‌ಗೆ ಹಾಕುವ ಸೂತ್ರದ ಗುಣಕ, ಘಾತ, ಅಂದರೆ ಕೆ, ಆಲ್ಫಾ, ಬೀಟಾ ಎಲ್ಲ ಸೈನ್ ಅಲೆಯಲ್ಲಿ ಅಳೆದದ್ದು. ನಿಮ್ಮ ಫ್ಲಕ್ಸ್ ತ್ರಿಕೋನ, ಏರೋದು ಒಂದು ವೇಗ, ಇಳಿಯೋದು ಇನ್ನೊಂದು ವೇಗ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ. ಅದಕ್ಕೆ ಐಜಿಎಸ್‌ಇ ಅನ್ನೋ ಸುಧಾರಿಸಿದ ರೂಪ ಇದೆ, ತುಂಡು ತುಂಡಾಗಿ ಇಳಿಜಾರು ನೋಡಿ ಕೂಡಿಸುತ್ತೆ. ಡಿಸಿ ಬಯಾಸ್‌ನ ಪರಿಣಾಮ ಅದರಲ್ಲೂ ಇಲ್ಲ. ಇಲ್ಲಿ ಕೋರ್ ಚಿಕ್ಕ ಸಾಲು, ಬಿಡಿ.

ವೈಂಡಿಂಗ್‌ನಲ್ಲಿ ಡಿಸಿ ರೆಸಿಸ್ಟೆನ್ಸ್ ಹಾಕಿದ್ದೀರಾ, ಎಸಿ ಹಾಕಿದ್ದೀರಾ? 100 ಕಿಲೋಹರ್ಟ್ಜ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್ (ಕರೆಂಟ್ ಹರಿಯುವ ಮೇಲ್ಪದರದ ದಪ್ಪ) 0.2 ಮಿಲಿಮೀಟರ್.

ಬೆಸುಗೆ_ಕಡ್ಡಿ
ಪೀಕ್ ಫ್ಲಕ್ಸ್, ಡಿಸಿ ರೆಸಿಸ್ಟೆನ್ಸ್. ಎರಡೂ 25 ಡಿಗ್ರಿಯಲ್ಲಿ. ಪ್ರೈಮರಿ ತಾಮ್ರದ ಪಟ್ಟಿ, ಸೆಕೆಂಡರಿ ಲಿಟ್ಜ್ (ಸಣ್ಣ ಸಣ್ಣ ಎಳೆ ಹೆಣೆದ ತಂತಿ).

ಸುರುಳಿಗಾರ
ಪಟ್ಟಿಯಾ? ಕೋರ್‌ನ ಗ್ಯಾಪ್ ಎಲ್ಲಿದೆ? ನಡುಗಾಲಿನಲ್ಲಿ ಒಂದೇ ಗ್ಯಾಪ್ ಇದ್ದು ಪಟ್ಟಿ ಅದರ ಪಕ್ಕದಲ್ಲೇ ಹಾದು ಹೋದರೆ ಅಲ್ಲಿ ಹೊರಗೆ ಹರಡುವ ಫ್ರಿಂಜಿಂಗ್ ಫ್ಲಕ್ಸ್ ತಾಮ್ರವನ್ನೇ ಕಾಯಿಸುತ್ತೆ. ಡೌವೆಲ್ 1966ರ ಸೂತ್ರ ಪದರಗಳ ಲೆಕ್ಕ ಚೆನ್ನಾಗಿ ಕೊಡುತ್ತೆ, ಆದರೆ ಫ್ಲಕ್ಸ್ ಪದರಕ್ಕೆ ಸಮಾಂತರ ಅಂತ ಊಹಿಸುತ್ತೆ. ಗ್ಯಾಪ್ ಹತ್ತಿರ ಅದು ಸುಳ್ಳು. ಡೌವೆಲ್ ಹಾಕಿ, ಗ್ಯಾಪ್‌ಗೆ ಒಂದಿಷ್ಟು ಸೇರಿಸಿ, ಪಟ್ಟಿಯನ್ನು ಗ್ಯಾಪ್‌ನಿಂದ ದೂರ ಇಡಿ.

ಗೇಟ್_ಚಾರ್ಜ್
25 ಡಿಗ್ರಿ ಅನ್ನೋದು ಡೇಟಾಶೀಟ್‌ನಲ್ಲಿ ಮಾತ್ರ ಇರೋ ಹವಾಮಾನ. ಬೆಂಚ್‌ನಲ್ಲೇ ತಾಮ್ರ 85 ಡಿಗ್ರಿ ಮುಟ್ಟಿರುತ್ತೆ, ರೆಸಿಸ್ಟೆನ್ಸ್ 23% ಜಾಸ್ತಿ. ಸಿಲಿಕಾನ್ ಮಾಸ್‌ಫೆಟ್ ಇನ್ನೂ ಮೋಸ, ಜಂಕ್ಷನ್ 100 ದಾಟಿದರೆ 1.6ರಿಂದ 2 ಪಟ್ಟು ಆಗಬಹುದು. ಲಾಸ್‌ನಿಂದ ಬಿಸಿ, ಬಿಸಿಯಿಂದ ರೆಸಿಸ್ಟೆನ್ಸ್, ಅದರಿಂದ ಮತ್ತೆ ಲಾಸ್. ಶೀಟ್‌ನಲ್ಲಿ ಒಂದು ಲೂಪ್ ಹಾಕಿ, ಕೆಲವೇ ಸುತ್ತಿನಲ್ಲಿ ನಿಲ್ಲುತ್ತೆ. ನಿಲ್ಲದಿದ್ದರೆ ಶೀಟ್ ತಪ್ಪಲ್ಲ, ಹೀಟ್‌ಸಿಂಕ್ ತಪ್ಪು.

ಛಾವಣಿ_ರಾಜ
ನನ್ನ 400 ವ್ಯಾಟ್ ಪ್ಯಾನೆಲ್‌ಗೆ 300 ವ್ಯಾಟ್ ಮೈಕ್ರೋ ಇದೆ. ಮಧ್ಯಾಹ್ನ 300ಕ್ಕೆ ನಿಂತುಬಿಡುತ್ತೆ. ಇದೂ ನಿಮ್ಮ ಲಾಸಾ?

ಹಳೇಮೀಟರ್
ಅಲ್ಲ, ಅದು ಕ್ಲಿಪ್ಪಿಂಗ್. ಇನ್ವರ್ಟರ್ ಆ ಪವರ್ ಅನ್ನು ತಗೊಳ್ಳೋದೇ ಇಲ್ಲ. ಪ್ಯಾನೆಲ್ ತನ್ನ ಗರಿಷ್ಠ ಪಾಯಿಂಟ್ ಬಿಟ್ಟು ಪಕ್ಕಕ್ಕೆ ಸರಿಯುತ್ತೆ, ಉಳಿದದ್ದು ಪ್ಯಾನೆಲ್‌ನಲ್ಲೇ ಬಿಸಿ ಆಗುತ್ತೆ.

ಪೈಥಾನ್‌ಪುಟ್ಟ
ಹಾಗಾದ್ರೆ 100 ಹರ್ಟ್ಜ್ ರಿಪ್ಪಲ್‌ನಿಂದ ಪ್ಯಾನೆಲ್ ಪಾಯಿಂಟ್ ಅಲುಗಾಡಿ ಕಳೆದುಕೊಳ್ಳೋದು? ಅದು ಲಾಸ್ ಮಾಡೆಲ್‌ನಲ್ಲಿ ಬರಬೇಕೋ ಬೇಡವೋ?

ಅರ್ಧಸೈಕಲ್
ಬರಬೇಕು.

ಹಳೇಮೀಟರ್
ಬೇಡ. ಡಬ್ಬಿ ಬಿಸಿ ಆಗಲ್ಲ.

ಅರ್ಧಸೈಕಲ್
ಬಳಕೆದಾರನಿಗೆ ಯೂನಿಟ್ ಕಡಿಮೆ ಬರುತ್ತೆ ಅಲ್ವಾ? ರಿಪ್ಪಲ್‌ನ ಎತ್ತರ ಪ್ಯಾನೆಲ್ ವೋಲ್ಟೇಜ್‌ನ 8.5% ಆದರೆ ಸುಮಾರು 98% ಪವರ್ ಮಾತ್ರ ಸಿಗುತ್ತೆ ಅನ್ನೋದು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಲೆಕ್ಕ. ಇದು ರಿಪ್ಪಲ್‌ನ ವರ್ಗದಂತೆ ಏರುತ್ತೆ. 36 ವೋಲ್ಟ್ ಪ್ಯಾನೆಲ್‌ನಲ್ಲಿ ತಲೆಯಿಂದ ಬುಡಕ್ಕೆ 3 ವೋಲ್ಟ್ ರಿಪ್ಪಲ್ ಬಿಟ್ಟರೆ ಸುಮಾರು 0.5% ಹೋಯಿತು. 250 ವ್ಯಾಟ್‌ಗೆ 1.2 ವ್ಯಾಟ್! ಇಲ್ಲಿ ಕೋರ್ ಲಾಸ್‌ನ ಮೂರು ಪಟ್ಟು. ಆ 3 ವೋಲ್ಟ್ ಒಳಗೆ ಇಡೋಕೂ 7400 ಮೈಕ್ರೋಫ್ಯಾರಡ್ ಬೇಕು.

ಹಳೇಮೀಟರ್
ಸರಿ, ಬೇರೆ ಸಾಲಿನಲ್ಲಿ ಹಾಕಿ. ಕನ್ವರ್ಷನ್ ಲಾಸ್ ಬೇರೆ, ಟ್ರ್ಯಾಕಿಂಗ್ ಲಾಸ್ ಬೇರೆ. ಕೂಡಿಸಿ ಬರೆದರೆ ಥರ್ಮಲ್ ಲೆಕ್ಕ ಕೆಡುತ್ತೆ. ಬೆಂಚ್ ಸಪ್ಲೈನಲ್ಲಿ ಇದು ಕಾಣಿಸೋದೂ ಇಲ್ಲ.

ಸ್ಪೈಸ್‌ಪ್ರಿಯೆ
ಸ್ವಲ್ಪ ಪಕ್ಕದ ಮಾತು. ಈ 100 ಹರ್ಟ್ಜ್ ಬಫರ್ ತಲೆನೋವಿಗೇ ಗೂಗಲ್ ಮತ್ತು ಐಟ್ರಿಪಲ್‌ಇ ನಡೆಸಿದ ಲಿಟಲ್ ಬಾಕ್ಸ್ ಚಾಲೆಂಜ್‌ನಲ್ಲಿ ಜನ ಬೆವರು ಸುರಿಸಿದ್ದು. 2 ಕಿಲೋವ್ಯಾಟ್ ಇನ್ವರ್ಟರ್, ಒಂದು ಘನ ಇಂಚಿಗೆ ಕನಿಷ್ಠ 50 ವ್ಯಾಟ್. 2016ರಲ್ಲಿ 10 ಲಕ್ಷ ಡಾಲರ್ ಬಹುಮಾನ ಕೊಟ್ಟರು. ದಪ್ಪ ಕೆಪಾಸಿಟರ್ ಬ್ಯಾಂಕ್ ಬದಲು ಆಕ್ಟಿವ್ ಬಫರ್ ಹಾಕೋದು ಅಲ್ಲಿ ದೊಡ್ಡ ಆಟ ಆಗಿತ್ತು.

ಛಾವಣಿ_ರಾಜ
ಸ್ಟ್ರಿಂಗ್ ಇನ್ವರ್ಟರ್ (ಹಲವು ಪ್ಯಾನೆಲ್‌ಗೆ ಒಂದು) ಹಾಕಿದರೆ ಈ ರಾಮಾಯಣವೇ ಇರಲ್ಲ. 98% ಎಫಿಶಿಯನ್ಸಿ.

ಗೇಟ್_ಚಾರ್ಜ್
ನೆರಳು ಬಿದ್ದಾಗ ಮಾತಾಡೋಣ.

ನಿರ್ವಾಹಕ
ಸ್ಟ್ರಿಂಗ್ ಇನ್ವರ್ಟರ್ ಜಗಳಕ್ಕೆ ಬೇರೆ ಎಳೆ ಇದೆ. ಇಲ್ಲಿ ಬೇಡ.

ಬೆಸುಗೆ_ಕಡ್ಡಿ
ಎಲ್ಲರಿಗೂ ಧನ್ಯವಾದ. ಸೆನ್ಸ್ ವೈರ್ ಟರ್ಮಿನಲ್‌ಗೆ ಕಟ್ಟಿ, ಎರಡೂ ಕಡೆ ಅನಲೈಸರ್ ಇಟ್ಟು ಮತ್ತೆ ಅಳೆದೆ. 12.2 ಇದ್ದದ್ದು 10.75 ಆಯಿತು.

ಮಾಡೆಲ್: 7.4ಕ್ಕೆ ಕ್ಲ್ಯಾಂಪ್ ಗುಣಕದಿಂದ 1.15 ಸೇರಿತು. ಅರ್ಧ ಸೈಕಲ್ ಕೂಡಿಸಿದ್ದರಿಂದ ಪ್ರೈಮರಿಗೆ 0.25. ಬಿಸಿಯಿಂದ 0.5. ಎಸಿ ರೆಸಿಸ್ಟೆನ್ಸ್‌ನಿಂದ 0.9. ಕೋರ್‌ನಲ್ಲಿ 0.5 ಕಳೆಯಿತು. ಒಟ್ಟು 9.7. ಇನ್ನು ಉಳಿದ ವ್ಯತ್ಯಾಸ 1 ವ್ಯಾಟ್ ಚಿಲ್ಲರೆ.

ಲೈಟ್ ಲೋಡ್‌ನಲ್ಲೂ ಅಳೆದೆ. 25 ವ್ಯಾಟ್‌ಗೆ ಲಾಸ್ ಸುಮಾರು 2.1, 125ಕ್ಕೆ 5.1.

ಪೈಥಾನ್‌ಪುಟ್ಟ
ಈ ಮೂರು ಅಂಕಿ ಸಾಕು, ವರ್ಷದ ಲೆಕ್ಕಕ್ಕೆ ಒಂದು ಕ್ವಾಡ್ರಾಟಿಕ್ ಕೂರಿಸಬಹುದು. ಸ್ಥಿರ ಭಾಗ 1.5 ವ್ಯಾಟ್, ಪವರ್‌ಗೆ ನೇರವಾಗಿ ಏರುವ ಭಾಗ 0.021, ವರ್ಗದ ಭಾಗ 0.000064. ಪೂರ್ತಿ ಲೋಡ್‌ನಲ್ಲಿ 1.5 ಕೂಡಿಸು 5.25 ಕೂಡಿಸು 4, ಸರಿಯಾಗಿ 10.75 ಬರುತ್ತೆ.

ಚಂದ ಏನಂದ್ರೆ, ಸ್ಥಿರ ಲಾಸ್ ಮತ್ತು ವರ್ಗದ ಲಾಸ್ ಸಮ ಆದ ಕಡೆ ಎಫಿಶಿಯನ್ಸಿ ಗರಿಷ್ಠ. 1.5 ಭಾಗಿಸು 0.000064, ಅದರ ವರ್ಗಮೂಲ: 153 ವ್ಯಾಟ್. ಅಲ್ಲಿ 96.1%. ಪೂರ್ತಿ ಲೋಡ್‌ನಲ್ಲಿ 95.9%. 25 ವ್ಯಾಟ್‌ನಲ್ಲಿ 92.4%.

ಸ್ಯಾಂಡಿಯಾ ಲ್ಯಾಬ್‌ನ ಇನ್ವರ್ಟರ್ ಮಾಡೆಲ್ ಕೂಡ ಮೂಲದಲ್ಲಿ ಇದೇ. ಕ್ವಾಡ್ರಾಟಿಕ್, ಜೊತೆಗೆ ಡಿಸಿ ವೋಲ್ಟೇಜ್‌ಗೆ ತಕ್ಕ ತಿದ್ದುಪಡಿ, ರಾತ್ರಿ ಎಳೆಯುವ ಪವರ್‌ಗೆ ಒಂದು ಅಂಕಿ. ಪೈಥಾನ್ ಲೈಬ್ರರಿ ಪಿವಿಲಿಬ್‌ನಲ್ಲಿ ರೆಡಿ ಇದೆ.

ಗೇಟ್_ಚಾರ್ಜ್
ಆ ಮೂರು ಅಂಕಿಯಿಂದ ಡಿಸೈನ್ ಸುಧಾರಿಸೋಕೆ ಆಗುತ್ತಾ? 0.021 ಯಾವ ಪಾರ್ಟ್‌ನದ್ದು? ಕ್ಲ್ಯಾಂಪ್‌ನದ್ದೋ ಡಯೋಡ್‌ನದ್ದೋ? ಫಿಟ್ ಮಾಡಿದ್ದು ಮಾಡೆಲ್ ಅಲ್ಲ, ಫೋಟೋ.

ಪೈಥಾನ್‌ಪುಟ್ಟ
ವರ್ಷಕ್ಕೆ ಎಷ್ಟು ಯೂನಿಟ್ ಅಂತ ಕೇಳೋನಿಗೆ ಫೋಟೋ ಸಾಕು ಸ್ವಾಮಿ. ಗಂಟೆಗಂಟೆಯ ಬಿಸಿಲಿನ ಡೇಟಾ ಇಟ್ಟುಕೊಂಡು ಪ್ರತಿ ಪಾಯಿಂಟ್‌ಗೂ ಐಜಿಎಸ್‌ಇ ಓಡಿಸ್ತೀರಾ?

ಸ್ಪೈಸ್‌ಪ್ರಿಯೆ
ಇಬ್ಬರೂ ಸರಿ, ಪ್ರಶ್ನೆ ಬೇರೆ ಬೇರೆ. ನಾನು ಮಾಡೋದು ನಡುವಿನ ದಾರಿ. ಸರ್ಕ್ಯೂಟ್ ಸಿಮ್ಯುಲೇಟರ್ ಸ್ಪೈಸ್‌ನಲ್ಲಿ ಪೂರ್ತಿ ಒಂದು ಗ್ರಿಡ್ ಸೈಕಲ್ ಅಂದರೆ 2000 ಸ್ವಿಚಿಂಗ್ ಸೈಕಲ್, ನಿಜವಾದ ಮಾಸ್‌ಫೆಟ್ ಮಾಡೆಲ್ ಹಾಕಿದರೆ ಕಾದು ಕಾದು ಸುಸ್ತು. ಬದಲಿಗೆ ಅರ್ಧ ಸೈಕಲ್‌ನ ಹತ್ತು ಹನ್ನೆರಡು ಕೋನದಲ್ಲಿ ಕೆಲವು ಸ್ವಿಚಿಂಗ್ ಸೈಕಲ್ ಮಾತ್ರ ಓಡಿಸಿ, ಲಾಸ್ ತೆಗೆದು, ಟೇಬಲ್ ಮಾಡಿ ಕೂಡಿಸ್ತೇನೆ. ಗ್ರಿಡ್ ನಿಧಾನ, ಸ್ವಿಚಿಂಗ್ ವೇಗ, ಹಾಗಾಗಿ ಪ್ರತಿ ಕೋನವನ್ನೂ ಡಿಸಿ ಪಾಯಿಂಟ್ ಅಂತ ನೋಡಬಹುದು.

ಅರ್ಧಸೈಕಲ್
ಪುಟ್ಟ ಅವರೇ, ಒಂದು ಎಚ್ಚರಿಕೆ. ಲೈಟ್ ಲೋಡ್‌ನಲ್ಲಿ ಒಂದು ಫೇಸ್ ಆಫ್ ಮಾಡಿದರೆ, ಅಥವಾ ಬರ್ಸ್ಟ್ ಮೋಡ್‌ಗೆ (ಬಿಟ್ಟು ಬಿಟ್ಟು ಓಡೋದು) ಹೋದರೆ, ಲಾಸ್ ಕರ್ವ್‌ಗೆ ಮೆಟ್ಟಿಲು ಬರುತ್ತೆ. ಒಂದು ಕ್ವಾಡ್ರಾಟಿಕ್ ಅಲ್ಲಿ ಸುಳ್ಳು ಹೇಳುತ್ತೆ. ಎರಡು ತುಂಡು ಮಾಡಿ.

ಪೈಥಾನ್‌ಪುಟ್ಟ
ಹೌದು. ಬೇರೆ ಬೇರೆ ಲೋಡ್‌ನ ಎಫಿಶಿಯನ್ಸಿಗೆ ತೂಕ ಹಾಕಿ ಸರಾಸರಿ ತೆಗೆಯೋದರಲ್ಲೂ ಇದು ಕಾಣುತ್ತೆ. ಇದೇ ಕರ್ವ್‌ಗೆ ಸಿಇಸಿ (ಕ್ಯಾಲಿಫೋರ್ನಿಯಾ ಎನರ್ಜಿ ಕಮಿಷನ್) ತೂಕ ಹಾಕಿದರೆ 95.8%, ಯುರೋಪಿಯನ್ ತೂಕ ಹಾಕಿದರೆ 95.35ರ ಹತ್ತಿರ. ಸಿಇಸಿ 75% ಲೋಡ್‌ಗೆ 0.53 ತೂಕ ಕೊಡುತ್ತೆ. ಯುರೋಪಿಯನ್‌ದು 50%ಗೆ 0.48 ಕೊಟ್ಟು, 5% ಲೋಡ್ ಅನ್ನೂ ಸೇರಿಸುತ್ತೆ. ಮೋಡದ ಜಾಗಕ್ಕೆ ಯುರೋಪಿಯನ್, ಸುಡುಬಿಸಿಲಿಗೆ ಸಿಇಸಿ. ಎರಡು ಡೇಟಾಶೀಟ್ ಪಕ್ಕಪಕ್ಕ ಇಟ್ಟು ನೋಡೋವಾಗ ಯಾವ ತೂಕ ಅಂತ ನೋಡದೆ ಹೋಲಿಸಬೇಡಿ.

ಬೆಸುಗೆ_ಕಡ್ಡಿ
ನೋ ಲೋಡ್‌ನಲ್ಲಿ 1.5 ಅನ್ನೋದು ನನ್ನ 0.8ಕ್ಕಿಂತ ಜಾಸ್ತಿ. ಬಾಕಿ 0.7?

ಗೇಟ್_ಚಾರ್ಜ್
ಔಟ್‌ಪುಟ್ ಕೆಪಾಸಿಟನ್ಸ್. ಪ್ರತಿ ಟರ್ನ್ ಆನ್‌ನಲ್ಲೂ ಮಾಸ್‌ಫೆಟ್ ತನ್ನೊಳಗಿನ ಚಾರ್ಜ್ ಅನ್ನು ತನ್ನೊಳಗೇ ಸುಡುತ್ತೆ, ಲೋಡ್ ಎಷ್ಟಿದ್ದರೂ. ವೈಂಡಿಂಗ್‌ನ ಕೆಪಾಸಿಟನ್ಸ್ ಕೂಡ ಸೇರಿಸಿ. ಡೇಟಾಶೀಟ್‌ನ ಒಂದೇ ಸಿಓಎಸ್‌ಎಸ್ (ಔಟ್‌ಪುಟ್ ಕೆಪಾಸಿಟನ್ಸ್) ಅಂಕಿ ಹಾಕಬೇಡಿ, ಅದು ವೋಲ್ಟೇಜ್ ಜೊತೆ ಬಾಗುತ್ತೆ. ಎನರ್ಜಿಗೆ ಸಂಬಂಧಿಸಿದ ಅಂಕಿ ಬೇರೆ ಕೊಟ್ಟಿರ್ತಾರೆ, ಸಮಯಕ್ಕೆ ಸಂಬಂಧಿಸಿದ್ದು ಇನ್ನೊಂದು. ನಿಮಗೆ ಬೇಕಿರೋದು ಮೊದಲನೆಯದು.

ಫುಲ್ ಲೋಡ್‌ನಲ್ಲಿ ಉಳಿದ 1 ವ್ಯಾಟ್‌ನ ಒಂದಿಷ್ಟು ಇಲ್ಲೇ ಹೋಗುತ್ತೆ. ಮಿಕ್ಕಿದ್ದು ನಾನು ಮೊದಲೇ ಹೇಳಿದ್ದೆ, ಟರ್ನ್ ಆಫ್. ಡೇಟಾಶೀಟ್‌ನ ಫಾಲ್ ಟೈಮ್ (ಆರುವಾಗ ಕರೆಂಟ್ ಇಳಿಯುವ ಸಮಯ) ಅವರ ಬೋರ್ಡ್‌ನ, ಅವರ ಗೇಟ್ ರೆಸಿಸ್ಟರ್‌ನ ಕಥೆ. ನಿಮ್ಮ ಪೀಕ್ ಕರೆಂಟ್ 30 ಆಂಪಿಯರ್ ಹತ್ತಿರ, ಸೋರ್ಸ್ ಕಾಲಿನ ಕೆಲವೇ ನ್ಯಾನೋಹೆನ್ರಿ ಕೂಡ ಗೇಟ್ ಅನ್ನು ನಿಧಾನ ಮಾಡುತ್ತೆ. ಡಬಲ್ ಪಲ್ಸ್ ಟೆಸ್ಟ್ (ಎರಡು ಪಲ್ಸ್ ಕೊಟ್ಟು ಸ್ವಿಚಿಂಗ್ ಲಾಸ್ ಅಳೆಯೋದು) ಮಾಡಿ.

ಬೆಸುಗೆ_ಕಡ್ಡಿ
ಮಾಡ್ತೇನೆ. ಬೋರ್ಡ್ ಇದೆ, ಕರೆಂಟ್ ಪ್ರೋಬ್ ಇದೆ. ವೇವ್‌ಫಾರ್ಮ್ ಇಲ್ಲೇ ಹಾಕ್ತೇನೆ.

ಹಳೇಮೀಟರ್
ಹಾಕೋ ಮೊದಲು ಡೀಸ್ಕ್ಯೂ (ಎರಡೂ ಪ್ರೋಬ್‌ನ ಸಮಯ ಹೊಂದಿಸೋದು) ಮಾಡಿ. ನಿಮ್ಮ ಫಾಲ್ ಟೈಮ್ 10 ನ್ಯಾನೋಸೆಕೆಂಡ್ ಆಸುಪಾಸು ಇದ್ದರೆ, ಕರೆಂಟ್ ಪ್ರೋಬ್ ವೋಲ್ಟೇಜ್ ಪ್ರೋಬ್‌ಗಿಂತ ಅಷ್ಟೇ ತಡವಾಗಿದ್ದರೆ, ಬರೋ ಎನರ್ಜಿ ಅಂಕಿಗೆ ಅರ್ಥವೇ ಇಲ್ಲ. ಪ್ರೋಬ್‌ನ ಉದ್ದ ಗ್ರೌಂಡ್ ವೈರ್ ಕೂಡ ತೆಗೆದು ಸ್ಪ್ರಿಂಗ್ ಹಾಕಿ.

ಛಾವಣಿ_ರಾಜ
ಇಷ್ಟೆಲ್ಲ ಓದಿ ನಾನು ಹೋಗಿ ಪ್ಯಾನೆಲ್ ಒರೆಸಿ ಬಂದೆ.

ಗೇಟ್_ಚಾರ್ಜ್
ಕಡ್ಡಿ ಅವರೇ, ಗೇಟ್ ರೆಸಿಸ್ಟರ್ ಎಷ್ಟು ಹಾಕಿದ್ದೀರಿ ಅಂತ ಇನ್ನೂ ಹೇಳಿಲ್ಲ.